ಕಡಲಿಲ್ಲದ ಕೊಡಗಿನಲ್ಲಿ ಮಕ್ಕಳಿಗೆ ಹವಳದ ದಿಬ್ಬ ಹೇಗೆ ಅರ್ಥ ಮಾಡಿಸೋದು?

ಪ್ರಶ್ನೆ: ನಮ್ಮ ಮನೆ ಮಡಿಕೇರಿ ಹತ್ತಿರ. ಮಗಳು ಸಮುದ್ರ ನೋಡಿದ್ದು ಒಂದೇ ಸಲ. ಅಳಿವೆ (ಹೊಳೆ ಕಡಲು ಸೇರುವ ಜಾಗ), ಮರಳ ದಿಣ್ಣೆ, ಹವಳದ ದಿಬ್ಬ ಇವನ್ನೆಲ್ಲ ಅವಳಿಗೆ ಹೇಗೆ ಹೇಳಿಕೊಡಲಿ?

ಪುಸ್ತಕದ ಚಿತ್ರ ಆಮೇಲೆ ತೋರಿಸಿ. ಮೊದಲು ಜೋರು ಮಳೆ ನಿಂತ ಮೇಲೆ ಅವಳನ್ನು ತೋಟದ ಇಳಿಜಾರಿಗೆ ಕರೆದುಕೊಂಡು ಹೋಗಿ. ಮೇಲಿಂದ ರಭಸವಾಗಿ ಬರುವ ಕೆಂಪು ನೀರು, ಕಾಫಿ ಕಣದಂಥ ಸಮತಟ್ಟು ಜಾಗ ಸಿಕ್ಕ ಕೂಡಲೇ ನಿಧಾನವಾಗಿ, ಹೊತ್ತು ತಂದ ಮಣ್ಣನ್ನೆಲ್ಲ ಬೀಸಣಿಗೆ ಹಾಗೆ ಹರಡಿಬಿಡುತ್ತದೆ. ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿ ತಂಜಾವೂರಿನ ಕಡೆ ಮಾಡಿದ್ದೂ ಇದನ್ನೇ. ಪಶ್ಚಿಮ ಕರಾವಳಿಯಲ್ಲಿ ಕಥೆ ಬೇರೆ. ಅಲ್ಲಿ ಅಲೆಗಳು ಮರಳನ್ನು ದಡದುದ್ದಕ್ಕೂ ತಳ್ಳುತ್ತಾ ಹೋಗಿ, ಅಳಿವೆಯ ಹತ್ತಿರ ಉದ್ದನೆಯ ನಾಲಿಗೆ ಮಾಡುತ್ತವೆ. ಉಡುಪಿ ಕಡೆಯ ಕೋಡಿ ಬೆಂಗ್ರೆ ಅಂಥದ್ದು. ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು. ಮುಂದಿನ ರಜೆಗೆ ಅಲ್ಲಿಗೇ ಹೋಗಿ ಬನ್ನಿ.

ಹವಳ ಸ್ವಲ್ಪ ಕಷ್ಟ, ಯಾಕಂದ್ರೆ ಅದು ಕಲ್ಲಿನ ಹಾಗೆ ಕಾಣುತ್ತದೆ, ಗಿಡದ ಹಾಗೆ ಕವಲೊಡೆಯುತ್ತದೆ, ಆದರೆ ಪ್ರಾಣಿ. ಇದಕ್ಕೆ ನಿಮ್ಮ ತೋಟದಲ್ಲೇ ಒಂದು ದಾರಿ ಇದೆ. ಮರದ ಕಾಂಡಕ್ಕೆ ಅಂಟಿರುವ ಕಲ್ಲುಹೂವು ತೋರಿಸಿ. ಅದು ಒಂದೇ ಜೀವ ಅಲ್ಲ. ಶಿಲೀಂಧ್ರವೂ ಪಾಚಿಯೂ ಕೂಡಿ ಮಾಡಿದ ಸಂಸಾರ. ಹವಳವೂ ಹಾಗೇ. ಚಿಕ್ಕ ಚಿಕ್ಕ ಪ್ರಾಣಿಗಳು ತಮ್ಮ ಸುತ್ತ ಸುಣ್ಣದ ಗೂಡು ಕಟ್ಟುತ್ತವೆ, ಆ ಗೂಡುಗಳು ಕೂಡಿಯೇ ದಿಬ್ಬವಾಗುತ್ತದೆ. ಆ ಪ್ರಾಣಿಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ, ಅದು ಬಿಸಿಲಿನಲ್ಲಿ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತದೆ. ಬಣ್ಣವೂ ಬಹುಪಾಲು ಪಾಚಿಯದ್ದೇ. ನೀರು ಮಾಮೂಲಿಗಿಂತ ಬರೀ ಒಂದು ಡಿಗ್ರಿ ಜಾಸ್ತಿ ಬಿಸಿಯಾಗಿ ಕೆಲವು ವಾರ ಹಾಗೇ ಇದ್ದರೆ ಸಾಕು, ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಲಕ್ಷದ್ವೀಪದಲ್ಲಿ 1998ರಲ್ಲಿ, 2010ರಲ್ಲಿ, 2016ರಲ್ಲಿ ಹೀಗಾಯಿತು. ಬೆಳ್ಳಗಾದ ಹವಳ ಇನ್ನೂ ಸತ್ತಿರುವುದಿಲ್ಲ, ಬೇಗ ನೀರು ತಣ್ಣಗಾದರೆ ಚೇತರಿಸಿಕೊಳ್ಳಬಹುದು. ಇದನ್ನು ಮಗುವಿಗೆ ಖಂಡಿತ ಹೇಳಿ. ಎಲ್ಲ ಮುಗಿದೇ ಹೋಯಿತು ಅಂತ ಹೆದರಿಸಬೇಡಿ.

ಮನೆಯಲ್ಲಿ ಎರಡು ಪ್ರಯೋಗ ಮಾಡಬಹುದು. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ ಟಾರ್ಚ್ ಬಿಡಿ, ಆಮೇಲೆ ಒಂದು ಚಮಚ ಅಂಗಳದ ಮಣ್ಣು ಕಲಸಿ ಮತ್ತೆ ಬಿಡಿ. ಬೆಳಕು ಆಚೆ ದಾಟುವುದೇ ಇಲ್ಲ, ಅಲ್ವಾ? ಹೊಳೆಗಳು ಹೂಳು ತಂದು ಸುರಿಯುವ ಕಡೆ ಹವಳದ ದಿಬ್ಬ ಯಾಕೆ ಚೆನ್ನಾಗಿ ಬೆಳೆಯುವುದಿಲ್ಲ ಅನ್ನುವುದು ಅವಳಿಗೆ ತಾನಾಗೇ ಹೊಳೆಯುತ್ತದೆ. ಇನ್ನೊಂದಕ್ಕೆ ಮೊಟ್ಟೆಯ ಚಿಪ್ಪು ಬೇಕು. ಹವಳದ ಗೂಡೂ ಚಿಪ್ಪೂ ಮುಖ್ಯವಾಗಿ ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ಚಿಪ್ಪಿನ ಮೇಲೆ ಸ್ವಲ್ಪ ಕಾಚಂಪುಳಿ ಇಲ್ಲವೇ ನಿಂಬೆರಸ ಹಾಕಿದರೆ ಗುಳ್ಳೆ ಏಳುತ್ತದೆ. ಸಮುದ್ರ ಅಷ್ಟು ಹುಳಿಯಾಗಿಲ್ಲ, ಆಗುವುದೂ ಇಲ್ಲ. ಆದರೆ ನಾವು ಬಿಡುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಅದರ ಗುಣ ಸ್ವಲ್ಪ ಸ್ವಲ್ಪವೇ ಹುಳಿಯ ಕಡೆ ಸರಿಯುತ್ತಿದೆ, ಅದರಿಂದ ಹವಳಕ್ಕೆ ಗೂಡು ಕಟ್ಟುವುದು ಕಷ್ಟವಾಗುತ್ತದೆ.

ನಮ್ಮ ರಾಜ್ಯದಲ್ಲೇ ಹವಳ ಇರುವ ಜಾಗ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪ. ಅಲ್ಲಿ ಡೈವಿಂಗ್ ಮಾಡಿಸುತ್ತಾರೆ. ಹೋದರೆ ಹವಳದ ಮೇಲೆ ಕಾಲಿಡಬಾರದು, ಮುಟ್ಟಬಾರದು. ನೆನಪಿಗೆ ಅಂತ ಸುಮ್ನೆ ಒಂದು ತುಂಡು ಮುರಿದು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ.

ಅಜ್ಜಿಯ ಹವಳದ ಸರ ಇದೇನಾ ಅಂತ ಮಗಳು ಕೇಳಿಯೇ ಕೇಳುತ್ತಾಳೆ. ಅಸಲಿ ಕೆಂಪು ಹವಳವಾದರೆ ಅದೂ ಪ್ರಾಣಿಯ ಗೂಡೇ, ಆದರೆ ಈ ದಿಬ್ಬ ಕಟ್ಟುವ ಜಾತಿಯಲ್ಲ. ಮೆಡಿಟರೇನಿಯನ್‌ನಂಥ ಕಡಲುಗಳಲ್ಲಿ ಬೆಳಕು ಕಡಿಮೆ ಇರುವ ಕಡೆ, ಪಾಚಿಯ ನೆರವಿಲ್ಲದೆ ತೀರ ನಿಧಾನವಾಗಿ ಬೆಳೆಯುತ್ತದೆ. ಸರವನ್ನು ಒಮ್ಮೆ ಅವಳ ಕೈಗೆ ಕೊಟ್ಟು ನೋಡಲು ಬಿಡಿ.