ಕಾಲೇಜಿನ ಕ್ರೆಡಿಟ್‌ಗಳು ವಿಶ್ವವಿದ್ಯಾಲಯದಲ್ಲಿ ಯಾವ ಲೆಕ್ಕಕ್ಕೆ?

ಪ್ರಶ್ನೆ: ಅಮೆರಿಕದಲ್ಲಿ ಎರಡು ವರ್ಷದ ಓದಿನ ಕಮ್ಯುನಿಟಿ ಕಾಲೇಜೊಂದರಲ್ಲಿ ಎರಡನೇ ವರ್ಷ ಓದುತ್ತಿದ್ದೇನೆ. ಮುಂದೆ ವಿಶ್ವವಿದ್ಯಾಲಯ ಸೇರಿ ಶೈಕ್ಷಣಿಕ ಮನೋವಿಜ್ಞಾನದಲ್ಲಿ ಪದವಿ ಮುಗಿಸುವ ಆಸೆ. ಇಲ್ಲಿ ಗಳಿಸಿದ ಕ್ರೆಡಿಟ್‌ಗಳೆಲ್ಲ ಅಲ್ಲಿ ನಡೆಯುತ್ತವೆಯೇ?

ಉತ್ತರ: ಮಾನ್ಯತೆ ಪಡೆದ ಕಾಲೇಜಾಗಿದ್ದು, ಅಂಕಗಳು ‘ಸಿ’ ದರ್ಜೆಗಿಂತ ಕೆಳಗಿಳಿಯದಿದ್ದರೆ ಬಹುಪಾಲು ನಡೆಯುತ್ತವೆ. ಆದರೆ ಅಷ್ಟಕ್ಕೇ ಸಮಾಧಾನಪಟ್ಟುಕೊಳ್ಳಬೇಡಿ. ಎಷ್ಟು ಕ್ರೆಡಿಟ್ ನಡೆಯುತ್ತದೆ ಎಂದು ಕೇಳುವುದಕ್ಕಿಂತ, ಅವು ಯಾವ ಲೆಕ್ಕಕ್ಕೆ ಸೇರುತ್ತವೆ ಎಂದು ಕೇಳುವುದು ಜಾಣತನ.

ಅಲ್ಲಿನ ಪದವಿಗೆ ಸಾಮಾನ್ಯವಾಗಿ 120 ಸೆಮಿಸ್ಟರ್ ಕ್ರೆಡಿಟ್ ಬೇಕು. ನೀವು 60 ಹಿಡಿದುಕೊಂಡು ಹೋದರೆ ಅರ್ಧ ದಾರಿ ಮುಗಿಯಿತು ಎನಿಸುತ್ತದೆ. ಆದರೂ ವಿಶ್ವವಿದ್ಯಾಲಯ ಕೊಡುವ ಕ್ರೆಡಿಟ್ ಮೌಲ್ಯಮಾಪನ ಪಟ್ಟಿಯನ್ನು ಸಾಲು ಸಾಲಾಗಿ ಓದಿ. ನಿಮ್ಮ ‘ಬೆಳವಣಿಗೆಯ ಮನೋವಿಜ್ಞಾನ’ದ ಮುಂದೆ ಅಲ್ಲಿನ ಪಠ್ಯದ ಸಂಖ್ಯೆಯೇ ಇದ್ದರೆ ಸರಿ, ಆ ವಿಷಯ ಮುಗಿದಂತೆ. ಅದರ ಬದಲು ‘ಮನೋವಿಜ್ಞಾನ, ಐಚ್ಛಿಕ’ ಎಂದಷ್ಟೇ ಬರೆದಿದ್ದರೆ ಮೂರು ಕ್ರೆಡಿಟ್ ಸಿಕ್ಕಿತು, ಆದರೆ ಅದೇ ವಿಷಯವನ್ನು ಮತ್ತೆ ಓದಬೇಕಾಗಬಹುದು. ಐಚ್ಛಿಕದ ಖಾನೆ ತುಂಬಿ ತುಳುಕುತ್ತಿರುವಾಗ ಮುಖ್ಯ ವಿಷಯದ ಖಾನೆ ಖಾಲಿ ಬಿದ್ದಿರುವುದು ಹೀಗೆಯೇ.

ಇಂಥ ಸಾಲು ಕಂಡರೆ ಮರುಪರಿಶೀಲನೆಗೆ ಅರ್ಜಿ ಹಾಕಬಹುದು. ಅದಕ್ಕೆ ಬೇಕಾದದ್ದು ನೀವು ಓದಿದ ಸೆಮಿಸ್ಟರಿನದೇ ಪಠ್ಯಕ್ರಮ: ವಾರವಾರದ ವಿಷಯಗಳು, ಪಠ್ಯಪುಸ್ತಕದ ಹೆಸರು, ಪರೀಕ್ಷೆ ಮತ್ತು ಪ್ರಬಂಧಗಳ ವಿವರ. ಕ್ಯಾಟಲಾಗಿನ ಎರಡು ಸಾಲಿನ ವಿವರಣೆಯಿಂದ ಯಾವ ಪ್ರಾಧ್ಯಾಪಕರಿಗೂ ಮನವರಿಕೆಯಾಗುವುದಿಲ್ಲ. ಅಧ್ಯಾಪಕರು ಕೋರ್ಸಿನ ಪುಟವನ್ನು ತೆಗೆದುಹಾಕುವ ಮೊದಲೇ ಪ್ರತಿ ಇಳಿಸಿಟ್ಟುಕೊಳ್ಳಿ.

ನಿಮ್ಮ ಕಾಲೇಜಿಗೂ ಆ ವಿಶ್ವವಿದ್ಯಾಲಯಕ್ಕೂ ವರ್ಗಾವಣೆ ಒಪ್ಪಂದವಿದ್ದರೆ ಈ ಒದ್ದಾಟ ಬಹಳ ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ಕಾಲೇಜುಗಳ ಯಾವ ಪಠ್ಯ ಎಲ್ಲಿ ಯಾವುದಕ್ಕೆ ಸಮ ಎಂಬುದನ್ನು ‘ಅಸಿಸ್ಟ್’ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಕಾಲೇಜು ಕ್ವಾರ್ಟರ್ ಪದ್ಧತಿಯದಾದರೆ, ಅಂದರೆ ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳಲ್ಲಿ ಪಾಠ ನಡೆಸುವುದಾದರೆ, ಇನ್ನೊಂದು ಲೆಕ್ಕವಿದೆ: ಮೂರು ಕ್ವಾರ್ಟರ್ ಕ್ರೆಡಿಟ್‌ಗೆ ಎರಡು ಸೆಮಿಸ್ಟರ್ ಕ್ರೆಡಿಟ್. 90 ಗಳಿಸಿದವರ ಕೈಗೆ 60 ಸಿಗುತ್ತದೆ, ಅದು ಮೋಸವಲ್ಲ.

ಉಳಿದಿರುವ ಅವಧಿಯಲ್ಲಿ ಏನು ಓದಬೇಕು? ನನ್ನನ್ನು ಕೇಳಿದರೆ, ಸಂಖ್ಯಾಶಾಸ್ತ್ರ. ಮಕ್ಕಳ ಮನಸ್ಸಿನ ಬಗ್ಗೆ ಓದಲು ಬಂದವರು ಅದರಿಂದ ದೂರ ಓಡುತ್ತಾರೆ. ಆದರೆ ಶೈಕ್ಷಣಿಕ ಮನೋವಿಜ್ಞಾನದ ಅರ್ಧ ಜೀವ ಇರುವುದೇ ಅಳತೆಯಲ್ಲಿ. ಪರೀಕ್ಷೆಯೊಂದು ಕಲಿಕೆಯನ್ನು ನಿಜಕ್ಕೂ ಅಳೆಯುತ್ತಿದೆಯೇ ಎಂದು ಕೇಳುವುದು 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಕಾಲದಿಂದಲೂ ಇದರ ಕಸುಬು. ಸಂಖ್ಯಾಶಾಸ್ತ್ರವನ್ನು ಗಣಿತ ವಿಭಾಗದಲ್ಲಿ ಓದಿದರೂ ನಡೆಯುತ್ತದೆಯೋ, ಮನೋವಿಜ್ಞಾನ ವಿಭಾಗದ್ದೇ ಬೇಕೋ ಎಂದು ಮೊದಲೇ ವಿಚಾರಿಸಿ.

ಇನ್ನೆರಡು ಮಾತು. ಶೈಕ್ಷಣಿಕ ಮನೋವಿಜ್ಞಾನ ಎಂಬ ಹೆಸರಿನ ಪದವಿ ಎಲ್ಲ ಕಡೆ ಇಲ್ಲ. ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಇದು ಸ್ನಾತಕೋತ್ತರ ಹಂತದ ವಿಷಯ. ಅಂಥ ಕಡೆ ಮೊದಲ ಪದವಿಗೆ ಮನೋವಿಜ್ಞಾನವನ್ನೋ ಮಾನವ ಬೆಳವಣಿಗೆಯನ್ನೋ ಆರಿಸಿಕೊಳ್ಳಬೇಕು. ಪದವಿ ಇರುವಲ್ಲೂ ವಿಶ್ವವಿದ್ಯಾಲಯಕ್ಕೆ ಪ್ರವೇಶ ಸಿಕ್ಕ ಮೇಲೆ ವಿಭಾಗಕ್ಕೆ ಪ್ರತ್ಯೇಕ ಅರ್ಜಿ ಇರಬಹುದು.

ಎರಡನೆಯದು, ಶಾಲೆಯಲ್ಲಿ ಮನೋವಿಜ್ಞಾನಿಯಾಗಿ ಕುಳಿತು ಮಕ್ಕಳನ್ನು ಪರೀಕ್ಷಿಸುವ ಕೆಲಸವೇ ನಿಮ್ಮ ಮನಸ್ಸಿನಲ್ಲಿದ್ದರೆ, ಈ ಪದವಿಯೊಂದೇ ಸಾಲದು. ಅದು ಶಾಲಾ ಮನೋವಿಜ್ಞಾನ ಎಂಬ ಬೇರೆ ಶಾಖೆ. ಅದಕ್ಕೆ ಸ್ನಾತಕೋತ್ತರ ಓದು, ಮೇಲ್ವಿಚಾರಣೆಯಲ್ಲಿ ಸಾಮಾನ್ಯವಾಗಿ 1,200 ಗಂಟೆಗಳ ಇಂಟರ್ನ್‌ಶಿಪ್, ಜೊತೆಗೆ ಆಯಾ ರಾಜ್ಯದ ಪರವಾನಗಿ ಬೇಕಾಗುತ್ತದೆ.