‘ಇಲ್ಲ’ ಅಂದದ್ದು ಯಾವುದಕ್ಕೆ?

ಚರ್ಚಾಸ್ಪರ್ಧೆಗಳ ಕಾಲ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಲೇಜು ಮಕ್ಕಳ ಮೊಬೈಲಿನಲ್ಲಿ ಒಂದೇ ಬಗೆಯ ಚಿತ್ರ ಓಡಾಡುತ್ತದೆ. ಮೇಲೆ ಯಾವುದೋ ರಾಜಕಾರಣಿಯ ಫೋಟೊ, ‘ನಾನು ಯುದ್ಧದ ವಿರೋಧಿ’ ಎಂಬ ಮಾತು. ಕೆಳಗೆ ಕೆಂಪಕ್ಷರದಲ್ಲಿ ‘ಮತ ಹಾಕಿದ್ದು ಮಾತ್ರ ಯುದ್ಧದ ಪರ’. ಮಕ್ಕಳು ಅದನ್ನೇ ನಂಬಿ ವೇದಿಕೆ ಹತ್ತುತ್ತಾರೆ. ‘ಎಂದಿನ ಮತ, ಸದನದ ಮುಂದಿಟ್ಟ ಯಾವ ಸೂಚನೆಯ ಮೇಲೆ?’ ಎಂದು ಎದುರಿನವರು ಕೇಳಿದರೆ ಅಲ್ಲಿಗೆ ಮಾತು ನಿಂತುಹೋಗುತ್ತದೆ. ವಾರಗಟ್ಟಲೆ ಓದಿ ಬಂದ ಹುಡುಗಿ ಇಂಥ ಒಂದು ಚಿತ್ರದ ದೆಸೆಯಿಂದ ಸೋಲುವುದು ಕಂಡರೆ ಸಂಕಟವಾಗುತ್ತದೆ.

ಕಾಗದ ಓದುವುದನ್ನು ನಮ್ಮ ಮಲೆನಾಡಿನವರಿಗೆ ಹೊಸದಾಗಿ ಕಲಿಸಬೇಕಿಲ್ಲ. ಪಹಣಿ ಕೈಗೆ ಬಂದರೆ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಯಾವ ಸಾಲದ ಋಣ ಕೂತಿದೆ ಎಂದು ಮನೆಯ ಅಜ್ಜಿಯೂ ಕೇಳುತ್ತಾರೆ. ಮತದಾನದ ಪಟ್ಟಿಯನ್ನೂ ಹಾಗೆಯೇ ಓದಬೇಕು. ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿನ ಪಟ್ಟಿಯಲ್ಲಿ ಹೆಸರುಗಳಿಗಿಂತ ಮೊದಲು ‘ಪ್ರಶ್ನೆ’ ಎಂಬ ಒಂದು ಸಾಲು ಇರುತ್ತದೆ. ಎಲ್ಲರೂ ಹಾರಿಸಿಬಿಡುವುದು ಅದನ್ನೇ. ಮಸೂದೆಯ ಅಂಗೀಕಾರಕ್ಕೋ, ತಿದ್ದುಪಡಿಗೋ, ಚರ್ಚೆ ಮುಗಿಸುವುದಕ್ಕೋ, ತಿದ್ದುಪಡಿಯನ್ನು ತಳ್ಳಿಹಾಕುವುದಕ್ಕೋ ಎಂದು ಹೇಳುವ ಸಾಲು ಅದು. ಸದಸ್ಯ ಉತ್ತರ ಕೊಡುವುದು ಆ ಪ್ರಶ್ನೆಗೆ ಮಾತ್ರ. ‘ನೀನು ಯುದ್ಧದ ಪರವೋ ವಿರುದ್ಧವೋ’ ಎಂದು ಅವನನ್ನು ಅಲ್ಲಿ ಯಾರೂ ಕೇಳಿರುವುದಿಲ್ಲ.

ಆಗ ಸೆನೆಟರ್ ಆಗಿದ್ದ, 2004ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ ಜಾನ್ ಕೆರಿಯವರ ಉದಾಹರಣೆ ನೋಡಿ. 2002ರ ಅಕ್ಟೋಬರ್ 11ರಂದು ಇರಾಕ್ ಮೇಲೆ ಬಲಪ್ರಯೋಗಕ್ಕೆ ಅಧ್ಯಕ್ಷರಿಗೆ ಅಧಿಕಾರ ಕೊಡುವ ನಿರ್ಣಯ ಸೆನೆಟ್ಟಿನಲ್ಲಿ 77–23ರಿಂದ ಪಾಸಾಯಿತು. ಕೆರಿ ‘ಹೌದು’ ಎಂದರು. ಮುಂದಿನ ವರ್ಷ ಇರಾಕ್, ಅಫ್ಘಾನಿಸ್ತಾನಗಳಿಗಾಗಿ ಸುಮಾರು 87 ಶತಕೋಟಿ ಡಾಲರಿನ ಪೂರಕ ಅನುದಾನದ ಮಸೂದೆ ಬಂತು. ಸೈನಿಕರನ್ನು ಯಾವ ಸೆನೆಟರೂ ಕೈಬಿಡುವುದಿಲ್ಲ ಎಂಬರ್ಥದ ಮಾತನ್ನು ಅವರು 2003ರ ಸೆಪ್ಟೆಂಬರಿನಲ್ಲಿ ಟಿವಿ ಸಂದರ್ಶನದಲ್ಲಿ ಆಡಿದ್ದರು. ಅಕ್ಟೋಬರ್ 17ರಂದು ಮಸೂದೆ 87–12ರಿಂದ ಪಾಸಾದಾಗ ಆ 12 ಜನರಲ್ಲಿ ಅವರೂ ಇದ್ದರು. 2004ರ ಮಾರ್ಚ್‌ನಲ್ಲಿ, ಅಧ್ಯಕ್ಷೀಯ ಚುನಾವಣೆಯ ಪ್ರಚಾರದ ನಡುವೆ, ಆ ದುಡ್ಡಿಗೆ ಮೊದಲು ಪರವಾಗಿಯೇ ಮತ ಹಾಕಿದ್ದೆ, ಆಮೇಲೆ ವಿರುದ್ಧ ಹಾಕಿದೆ ಎಂದುಬಿಟ್ಟರು. ಆ ಒಂದು ಮಾತು ಚುನಾವಣೆ ಮುಗಿಯುವವರೆಗೂ ಅವರನ್ನು ಬಿಡಲಿಲ್ಲ.

ಈಗ ಪಟ್ಟಿ ತೆಗೆಯಿರಿ. ‘ಪರವಾಗಿ ಹಾಕಿದ್ದೆ’ ಎಂದದ್ದು ಅಕ್ಟೋಬರ್ 2ರ ಮತದ ಬಗ್ಗೆ. ಈ ಖರ್ಚನ್ನು ಸಾಲದಿಂದ ತುಂಬುವ ಬದಲು ಅತಿ ಶ್ರೀಮಂತರಿಗೆ ಕೊಟ್ಟ ತೆರಿಗೆ ರಿಯಾಯಿತಿಯನ್ನು ಕಡಿಮೆ ಮಾಡಿ ತುಂಬೋಣ ಎಂದು ಜೋ ಬೈಡನ್ ಮತ್ತು ಕೆರಿ ತಂದಿದ್ದ ತಿದ್ದುಪಡಿ ಅದು. ಆದರೆ ಸದನ ಮತ ಹಾಕಿದ್ದು ಆ ತಿದ್ದುಪಡಿಗಲ್ಲ, ಅದನ್ನು ತಳ್ಳಿಹಾಕುವ ಸೂಚನೆಗೆ. 57–42ರಿಂದ ಸೂಚನೆ ಗೆದ್ದಿತು, ತಿದ್ದುಪಡಿ ಸತ್ತಿತು. ತಿದ್ದುಪಡಿ ಬೇಕು ಎನ್ನುವವರು ಅಂದು ‘ಇಲ್ಲ’ ಎನ್ನಬೇಕಿತ್ತು. ಹೀಗಾಗಿ ಕಾಗದದ ಮೇಲೆ ಕೆರಿಯವರ ಹೆಸರಿನ ಮುಂದೆ ಅಕ್ಟೋಬರ್ 2ರಂದೂ ‘ಇಲ್ಲ’, 17ರಂದೂ ‘ಇಲ್ಲ’. ಮೊದಲನೆಯದರ ಅರ್ಥ ‘ದುಡ್ಡು ಕೊಡೋಣ, ಹೀಗೆ ಹೊಂದಿಸಿ’. ಎರಡನೆಯದರದ್ದು ‘ಈ ರೀತಿಯಾದರೆ ಬೇಡ’. ಬರೀ ಗುರುತು ನೋಡುವವನು ಎರಡನ್ನೂ ಒಂದೇ ಖಾತೆಗೆ ಬರೆದುಬಿಡುತ್ತಾನೆ.

ತಳ್ಳಿಹಾಕುವುದಕ್ಕೆ ಅಮೆರಿಕದವರು ಹೇಳುವುದು ‘ಟೇಬಲ್’ ಎಂದು. ಬ್ರಿಟನ್ನಿನಲ್ಲಿ, ನಮ್ಮ ಸಂಸತ್ತಿನಲ್ಲಿ ಅದೇ ‘ಟೇಬಲ್’ ಎಂದರೆ ಸದನದ ಮುಂದೆ ಮಂಡಿಸುವುದು, ಅಂದರೆ ಪೂರ್ತಿ ಉಲ್ಟಾ. ಮೊಬೈಲಿನಲ್ಲಿ ಅನುವಾದಿಸಿಕೊಂಡು ‘ತಿದ್ದುಪಡಿ ಮಂಡಿಸಲು 57 ಜನ ಒಪ್ಪಿದರು’ ಎಂದು ಟಿಪ್ಪಣಿ ಮಾಡಿಕೊಂಡರೆ ಸತ್ತ ತಿದ್ದುಪಡಿಗೆ ಜೀವ ಬಂದಂತಾಗುತ್ತದೆ. ಅಮೆರಿಕದ ಪಟ್ಟಿಯಲ್ಲಿ ಆ ಪದ ಕಂಡರೆ ‘ಹೌದು’ ಎಂದವರನ್ನು ತಿದ್ದುಪಡಿಯ ವಿರೋಧಿಗಳು ಎಂದು ಓದಿ. ಇದನ್ನು ಎಷ್ಟು ಸಲ ಹೇಳಿದರೂ ಮರುವರ್ಷ ಅದೇ ತಪ್ಪು ಬರುತ್ತದೆ, ಅದಕ್ಕೇ ಇಷ್ಟು ಎಳೆದು ಹೇಳುತ್ತಿದ್ದೇನೆ.

ಹಾಗಂತ ಕೆರಿಯವರ ಮಾತಿಗೂ ಮತಕ್ಕೂ ಎಲ್ಲ ತಾಳೆಯಾಗುತ್ತದೆ ಎಂದಲ್ಲ. ಸೆಪ್ಟೆಂಬರಿನ ಮಾತಿನ ಪಕ್ಕ ಅಕ್ಟೋಬರ್ 17ರ ಮತ ಇಟ್ಟರೆ ನ್ಯಾಯವಾದ ಪ್ರಶ್ನೆಯೇ ಏಳುತ್ತದೆ. ಎತ್ತುವುದಾದರೆ ಅದನ್ನು ಎತ್ತಿ.

ಇನ್ನು ಕೆಲವೊಮ್ಮೆ ಯುದ್ಧದ ಮತ ಯುದ್ಧದ ಹೆಸರಿನಲ್ಲಿ ಸಿಗುವುದೇ ಇಲ್ಲ. 2018ರ ಡಿಸೆಂಬರ್ 12ರಂದು ಅಮೆರಿಕದ ಕೆಳಮನೆ ಕೃಷಿ ಮಸೂದೆಯ ಚರ್ಚೆ ಹೇಗೆ ನಡೆಯಬೇಕೆಂಬ ನಿಯಮವೊಂದನ್ನು 206–203ರಿಂದ ಒಪ್ಪಿತು. ಯೆಮೆನ್ ಯುದ್ಧಕ್ಕೆ ಅಮೆರಿಕ ಕೊಡುತ್ತಿದ್ದ ನೆರವು ನಿಲ್ಲಿಸುವ ನಿರ್ಣಯಕ್ಕೆ 1973ರ ಯುದ್ಧಾಧಿಕಾರ ಕಾಯ್ದೆಯ ತ್ವರಿತ ವಿಚಾರಣೆಯ ಸವಲತ್ತು ಆ ಸಂಸತ್ತಿನ ಅವಧಿ ಮುಗಿಯುವವರೆಗೂ ಸಿಗದಂತೆ ಮಾಡುವ ಸಾಲೊಂದು ಅದರೊಳಗೆ ಸೇರಿತ್ತು. ಮಾರನೇ ದಿನ ಸೆನೆಟ್ಟು ಯೆಮೆನ್ ನಿರ್ಣಯವನ್ನು 56–41ರಿಂದ ಪಾಸು ಮಾಡಿದರೂ ಕೆಳಮನೆಯಲ್ಲಿ ಬಾಗಿಲು ಹಾಕಿಯಾಗಿತ್ತು. ಊರಲ್ಲಿ ‘ಯೆಮೆನ್ ವಿಷಯ ಸದನಕ್ಕೆ ಬರಲಿ’ ಎಂದು ಭಾಷಣ ಮಾಡಿ ಈ ನಿಯಮಕ್ಕೆ ‘ಹೌದು’ ಎಂದವನನ್ನು ಹಿಡಿಯಬೇಕಾದರೆ ಕೃಷಿ ಮಸೂದೆಯ ಕಡತ ತೆಗೆಯಬೇಕು. ಯುದ್ಧ ಎಂದು ಹುಡುಕಿದರೆ ಸಿಗುವುದಿಲ್ಲ. ಪಕ್ಷದ ಶಿಸ್ತಿಗೆ ‘ಹೌದು’ ಎಂದವರೂ ಅದರಲ್ಲಿರಬಹುದು, ಆದ್ದರಿಂದ ಉದ್ದೇಶದ ಬಗ್ಗೆ ಬರೆಯುವಾಗ ಕೈ ಬಿಗಿಹಿಡಿಯಿರಿ.

ಭಾಷಣದಲ್ಲಿ ಹಾಕಿದ ಷರತ್ತಿಗೆ ಎಷ್ಟು ಬೆಲೆ ಕೊಡಬೇಕು ಎಂಬುದು ಮತ್ತೊಂದು. 2002ರಲ್ಲಿ ‘ಹೌದು’ ಎಂದ ಹಲವರು, ಹಿಲರಿ ಕ್ಲಿಂಟನ್ ಸೇರಿ, ಇದು ಯುದ್ಧಕ್ಕೆ ಧಾವಿಸಲು ಕೊಟ್ಟ ಮತವಲ್ಲ ಎಂದು ಸದನದಲ್ಲೇ ಹೇಳಿದ್ದರು. ಆದರೆ ಅಗತ್ಯ, ಸೂಕ್ತ ಎಂದು ಅಧ್ಯಕ್ಷರು ತೀರ್ಮಾನಿಸಿದಂತೆ ಸೇನೆ ಬಳಸಬಹುದು ಎಂದು ನಿರ್ಣಯದ ಪಠ್ಯದಲ್ಲಿತ್ತು. ಅಡಿಕೆ ತೋಟವನ್ನು ಚೇಣಿಗೆ ಕೊಡುವಾಗ ಜಗಲಿಯ ಮೇಲೆ ಆಡಿದ ಮಾತು ಕರಾರು ಪತ್ರದಲ್ಲಿ ಬರದಿದ್ದರೆ ಕೊಯ್ಲಿನ ಹೊತ್ತಿಗೆ ಏನಾಗುತ್ತದೆ ಎಂದು ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಭಾಷಣವನ್ನೂ ಓದಿ, ಅದು ಸದಸ್ಯನ ಮನಸ್ಸನ್ನು ತೋರಿಸುತ್ತದೆ. ಅಧಿಕಾರ ಎಷ್ಟು ಕೊಟ್ಟ ಎಂಬುದಕ್ಕೆ ಮಾತ್ರ ಪಠ್ಯವೇ ಗತಿ.

ತಾರೀಕನ್ನೂ ಬರೆದುಕೊಳ್ಳಿ. ಬೈಡನ್ 1991ರಲ್ಲಿ ಕೊಲ್ಲಿ ಯುದ್ಧದ ವಿರುದ್ಧ, 2002ರಲ್ಲಿ ಇರಾಕ್ ನಿರ್ಣಯದ ಪರ ಮತ ಹಾಕಿದವರು. ಇರಾಕ್ ಯುದ್ಧ ಶುರುವಾದ ಕ್ಷಣದಿಂದಲೇ ವಿರೋಧಿಸಿದ್ದೆ ಎಂದು 2019ರಲ್ಲಿ ಹೇಳಿ, ಆಮೇಲೆ ತಪ್ಪಾಗಿ ಹೇಳಿದೆ ಎಂದು ಒಪ್ಪಿಕೊಂಡರು. ಅಭಿಪ್ರಾಯ ಬದಲಾಗುವುದು ತಪ್ಪಲ್ಲ. ಬದಲಾದ ದಿನವನ್ನು ಹಿಂದಕ್ಕೆ ತಳ್ಳಿದಾಗ ಮಾತ್ರ ದಾಖಲೆ ಅಡ್ಡ ನಿಲ್ಲುತ್ತದೆ.

ಇದೆಲ್ಲ ಕೇಳಿದ ಮೇಲೆ ಮಕ್ಕಳು ತಪ್ಪದೆ ಕೇಳುವುದು ‘ಹಾಗಾದರೆ ನಮ್ಮ ಶಿವಮೊಗ್ಗದ ಸಂಸದರು ಯುದ್ಧದ ಬಗ್ಗೆ ಹೇಗೆ ಮತ ಹಾಕಿದ್ದಾರೆ ಸರ್?’ ಎಂದು. ಹೆಚ್ಚಿನ ವಿಷಯಗಳಲ್ಲಿ ಹೋಲಿಸಲು ಮತವೇ ಇರುವುದಿಲ್ಲ. ಯುದ್ಧ ಹೂಡಲು ನಮ್ಮಲ್ಲಿ ಸಂಸತ್ತಿನ ಮುಂಚಿನ ಮತ ಬೇಕಿಲ್ಲ, ಅದು ಸರ್ಕಾರದ ತೀರ್ಮಾನ. ಅನುದಾನದ ಬೇಡಿಕೆಗಳು ಬಹುಪಾಲು ‘ಗಿಲೊಟಿನ್’ ಆಗಿ, ಅಂದರೆ ಚರ್ಚೆಯಿಲ್ಲದೆ, ಒಟ್ಟಿಗೆ ಧ್ವನಿಮತದಲ್ಲಿ (‘ಹೌದು’, ‘ಇಲ್ಲ’ ಎಂದು ಕೂಗಿ) ಮುಗಿಯುತ್ತವೆ. 2003ರ ಏಪ್ರಿಲ್‌ನಲ್ಲಿ ಇರಾಕ್ ಮೇಲಿನ ದಾಳಿಯ ವಿರುದ್ಧ ಲೋಕಸಭೆ ಮಾಡಿದ ನಿರ್ಣಯ ಸರ್ವಾನುಮತದ್ದು, ಅದಕ್ಕೆ ಹೆಸರುವಾರು ಪಟ್ಟಿ ಇಲ್ಲ. ಧ್ವನಿಮತ ಆದ ಕಡೆ ‘ಅವರು ಪರ ಹಾಕಿದರು’ ಎಂದು ಬರೆಯಲೇಬೇಡಿ. ವಿಭಜನೆ ಆಗಿದ್ದರೆ, ಅಂದರೆ ಮತಗಳನ್ನು ಎಣಿಸಿದ್ದರೆ, ಹೆಸರುಗಳು ಸಿಗುತ್ತವೆ. ಆಸನದ ಮುಂದಿನ ಗುಂಡಿಯಲ್ಲಿ ಹಸಿರು ಪರ, ಕೆಂಪು ವಿರುದ್ಧ, ಹಳದಿ ತಟಸ್ಥ. ಆಗಲೂ ಪಕ್ಷದ ವಿಪ್ (ಹೀಗೇ ಮತ ಹಾಕಿ ಎಂಬ ಆದೇಶ) ಇತ್ತೇ ಎಂದು ವಿಚಾರಿಸಿ. 1985ರಲ್ಲಿ 52ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಪಕ್ಷಾಂತರ ತಡೆಯುವ 10ನೇ ಅನುಸೂಚಿ ಸೇರಿದ ಮೇಲೆ ವಿಪ್ ಮೀರಿದವರ ಸದಸ್ಯತ್ವವೇ ಹೋಗಬಹುದು, ಹೀಗಾಗಿ ವಿಪ್ ಇದ್ದಾಗಿನ ಮತ ವ್ಯಕ್ತಿಗಿಂತ ಹೆಚ್ಚಾಗಿ ಪಕ್ಷದ ನಿಲುವನ್ನು ಹೇಳುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದು ಗೈರುಹಾಜರಿ ಬರೆಯುವ ಮೊದಲು ಆ ದಿನದ ಕಲಾಪದ ಅಡಿಟಿಪ್ಪಣಿ ನೋಡಿ. ಗುಂಡಿ ಕೈಕೊಟ್ಟು ಚೀಟಿಯಲ್ಲಿ ಮತ ಕೊಟ್ಟವರ, ತಮ್ಮ ಮತ ತಿದ್ದಿಸಿಕೊಂಡವರ ಹೆಸರು ಅಲ್ಲಿರುತ್ತದೆ.