ಮೊಣಕಾಲು ಸರಿಯಿದೆ, ಆದ್ರೂ ನಿಲ್ಲಿಸಬಹುದಾ ಮೇಡಂ?

ನಾನು ಫಿಸಿಯೋಥೆರಪಿಸ್ಟ್. ದೂರದ ಸೈಕಲ್ ಸವಾರರು ನನ್ನ ಹತ್ತಿರ ಬರುವುದು ನೋವು ಹೇಳಿಕೊಂಡು. ಆದರೆ ಎಷ್ಟೋ ಸಲ ಅವರ ಮನಸ್ಸಿನಲ್ಲಿರುವ ಪ್ರಶ್ನೆ ಒಂದೇ: ತರಬೇತಿ ನಿಲ್ಲಿಸಲಾ?

ಒಬ್ಬರು ಬ್ಯಾಂಕ್ ಉದ್ಯೋಗಿ. ಸೂಪರ್ ರಾಂಡನರ್ ಆಗುವ ಆಸೆ. ಅಂದರೆ ನವೆಂಬರ್‌ನಿಂದ ಅಕ್ಟೋಬರ್‌ವರೆಗಿನ ಒಂದೇ ಸೀಸನ್‌ನಲ್ಲಿ 200, 300, 400, 600 ಕಿ.ಮೀ. ಬ್ರೆವೆಗಳನ್ನು, ಅಂದರೆ ಗೊತ್ತುಪಡಿಸಿದ ಸಮಯದೊಳಗೆ ತುಳಿಯಬೇಕಾದ ದೂರದ ಸವಾರಿಗಳನ್ನು, ಮುಗಿಸಬೇಕು. ಅವರಿಗೆ ಉಳಿದಿದ್ದು 600 ಮಾತ್ರ. ಅದಕ್ಕೆ 40 ಗಂಟೆ: ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟರೆ ಭಾನುವಾರ ರಾತ್ರಿ ಹತ್ತರೊಳಗೆ ಮುಟ್ಟಬೇಕು. 400 ಮುಗಿಸಿದ ಮೇಲೆ ಎಡಗೈಯ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದಿದ್ದವು. ಶರ್ಟಿನ ಗುಂಡಿ ಹಾಕುವುದೂ ಕಷ್ಟ.

ಹೆಬ್ಬೆರಳು, ತೋರುಬೆರಳಿನ ನಡುವೆ ಹಾಳೆ ಹಿಡಿಸಿ ಎಳೆದೆ. ಅದನ್ನು ಬಿಡದಿರಲು ಹೆಬ್ಬೆರಳಿನ ತುದಿ ಬಾಗಿತು. ನನಗೆ ಭಯವಾದದ್ದು ಆಗ. ಬರೀ ಜೋಮಾದರೆ ಸಾಮಾನ್ಯವಾಗಿ ಕೆಲವು ದಿನ, ವಾರಗಳಲ್ಲಿ ಹೋಗುತ್ತದೆ. ಇಲ್ಲಿ ಸ್ನಾಯುವಿನ ಬಲವೇ ಕುಗ್ಗಿತ್ತು. ಮಣಿಕಟ್ಟಿನಲ್ಲಿ ಕಿರುಬೆರಳಿನ ಕಡೆ ಅಲ್ನರ್ ನರ ಹಾಯುವ ದಾರಿ ಬಹಳ ಕಿರಿದು. ಗಂಟೆಗಟ್ಟಲೆ ಹ್ಯಾಂಡಲ್ ಮೇಲೆ ಭಾರ ಬಿಟ್ಟರೆ ನರ ಅಲ್ಲಿ ಒತ್ತಿಕೊಳ್ಳುತ್ತದೆ. ಹೀಗೇ ಮುಂದುವರಿದರೆ ಅಂಗೈಯ ಸಣ್ಣ ಸ್ನಾಯುಗಳು ಸೊರಗುತ್ತವೆ.

ಹ್ಯಾಂಡಲ್ ಎತ್ತರಿಸಿದೆವು. ಮುಂದಕ್ಕೆ ಇಳಿದಿದ್ದ ಸೀಟಿನ ಮೂತಿ ಸರಿಮಾಡಿದೆವು. ಅದು ಇಳಿದಿದ್ದರೆ ಮೈಭಾರ ಕೈಗೆ ಜಾರುತ್ತದೆ. ಆದರೂ ನೂರು ಕಿ.ಮೀ. ಆಗುವಷ್ಟರಲ್ಲಿ ಜೋಮು ಹಾಜರು. 600ಕ್ಕೆ ಐದು ವಾರ ಇತ್ತು.

‘ಇಷ್ಟು ಮಾಡಿ ಬಿಡೋದಾ ಮೇಡಂ?’

‘ಮಾಡಿದ 400 ಎಲ್ಲೂ ಹೋಗಲ್ಲ ಸರ್. ಈಗ ಯೋಚಿಸಬೇಕಾದ್ದು ಮುಂದಿನ ಐದು ವಾರದ ಬಗ್ಗೆ’ ಎಂದೆ. ಅಕ್ಟೋಬರ್‌ನೊಳಗೆ ಬೇರೆ 600 ಸಿಗಬಹುದಲ್ಲ ಎಂದರು. ಆ ಲೆಕ್ಕ ಇಟ್ಟುಕೊಳ್ಳಬೇಡಿ ಎಂದು ಕೇಳಿಕೊಂಡೆ. ಹೀಗೆ ಅರ್ಧ ಮನಸ್ಸಿನಿಂದ ನಿಲ್ಲಿಸಿದ ಬೇರೆಯವರು ಎರಡೇ ವಾರಕ್ಕೆ ಮನೆಯವರಿಗೂ ಹೇಳದೆ ಸೈಕಲ್ ಹತ್ತಿದ್ದನ್ನು ನೋಡಿದ್ದೇನೆ.

ನಿಜವಾಗಿ ಕಷ್ಟದ ಪ್ರಶ್ನೆ ತಂದವರು ಇನ್ನೊಬ್ಬರು, ಕಾಲೇಜು ಉಪನ್ಯಾಸಕಿ. ಅವರ ಕನಸು ಫ್ರಾನ್ಸಿನ ದೊಡ್ಡ ಸೈಕಲ್ ಸವಾರಿ, ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್. ಸುಮಾರು 1200 ಕಿ.ಮೀ., ಗರಿಷ್ಠ 90 ಗಂಟೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಹಿಂದಿನದು 2023ರಲ್ಲಿ ಆಯಿತು, ಮುಂದಿನದು 2027ಕ್ಕೆ. ಅದು ತಪ್ಪಿದರೆ 2031. ಇದನ್ನು ಬಿಡುವುದು ಅಷ್ಟು ಕಷ್ಟ ಆಗೋದು ಅದಕ್ಕೇ ಅಲ್ವಾ?

ಮೊಣಕಾಲು ನೋವು ಅಂದರು. ಮೆಟ್ಟಿಲು ಹತ್ತಿಸಿ ಇಳಿಸಿ ನೋಡಿದೆ, ಕುಳ್ಳಿರಿಸಿ ನೋಡಿದೆ. ಏನೂ ಸಿಗಲಿಲ್ಲ. ‘ಮೊಣಕಾಲು ಚೆನ್ನಾಗಿದೆ’ ಎಂದಾಗ ಅವರ ಮುಖ ಸಪ್ಪಗಾಯಿತು. ನಾಲ್ಕು ಗಂಟೆಗೆ ಅಲಾರಂ ಹೊಡೆದರೆ ಅಳು ಬರುತ್ತದೆ ಅಂತ ಆಮೇಲೆ ಹೇಳಿದರು.

ಮನಸ್ಸಿಲ್ಲ ಅಂದ ಕೂಡಲೇ ಬಿಟ್ಟುಬಿಡಿ ಅನ್ನುವುದೂ ತಪ್ಪು. ವಿಶ್ರಾಂತಿ ಸಾಲದಿದ್ದರೆ, ಊಟ ಸಾಲದಿದ್ದರೆ, ಕಬ್ಬಿಣದ ಅಂಶ ಇಳಿದರೆ ಉತ್ಸಾಹ ಬತ್ತುತ್ತದೆ. ಹೆಣ್ಣುಮಕ್ಕಳಲ್ಲಿ ಮುಟ್ಟು ಏರುಪೇರಾಗುವುದು, ಬೆಳಿಗ್ಗೆ ಏಳುವಾಗಿನ ನಾಡಿಬಡಿತ ದಿನಗಟ್ಟಲೆ ಹೆಚ್ಚಿರುವುದು ಇದರ ಸುಳಿವು. ಅವರ ಮುಟ್ಟು, ನಾಡಿ ಸರಿಯಿದ್ದವು. ವೈದ್ಯರು ಮಾಡಿಸಿದ ರಕ್ತಪರೀಕ್ಷೆಯಲ್ಲೂ ತೊಂದರೆ ಕಾಣಲಿಲ್ಲ. ಎರಡು ವಾರ ಸೈಕಲ್ ಮುಟ್ಟಬೇಡಿ ಎಂದೆ. ಅಷ್ಟರಲ್ಲಿ ದಮ್ಮು ಸ್ವಲ್ಪ ಇಳಿಯುತ್ತದೆ, ಮತ್ತೆ ಬರುತ್ತದೆ. ಸುಸ್ತು ಮಾತ್ರ ಆಗಿದ್ದರೆ ಸಾಮಾನ್ಯವಾಗಿ ಅಷ್ಟರೊಳಗೆ ಕಾಲು ತುಳಿಯಲು ಹಾತೊರೆಯುತ್ತದೆ.

ಎರಡು ವಾರ ಕಳೆದು ಬಂದರು. ಸೈಕಲ್ ನೆನಪೇ ಆಗಲಿಲ್ಲವಂತೆ. ಬೆಳಿಗ್ಗೆ ಅಮ್ಮನ ಜೊತೆ ಕಾಫಿ ಕುಡಿದದ್ದೇ ಸುಖವಾಗಿತ್ತಂತೆ.

‘ಹಾಗಾದ್ರೆ ನಿಲ್ಲಿಸಿ’ ಎಂದೆ.

‘ಗ್ರೂಪಿನವರಿಗೆ ಏನು ಹೇಳಲಿ? ಮೊಣಕಾಲು ಅಂತ ಹೇಳಿಬಿಡಲಾ?’

ಬೇಡ ಎಂದೆ. ನೋವು ಅಂದರೆ ವಾಸಿಯಾಯ್ತಾ ಎಂದು ಪ್ರತಿ ವಾರ ಕೇಳುತ್ತಾರೆ. ಈ ವರ್ಷ ಮಾಡುತ್ತಿಲ್ಲ ಅಂದರೆ ಸಾಕು. ಅಲ್ಲೇ ಕೂತು ಮೆಸೇಜ್ ಟೈಪ್ ಮಾಡಿದರು. ಮೂರು ಸಲ ಅಳಿಸಿದರು. ನಾಲ್ಕನೇ ಸಲ ಕಳಿಸಿದರು.

ಬ್ಯಾಂಕಿನವರು ಮೇ ಕೊನೆಯಲ್ಲಿ ಬಂದಿದ್ದರು. ಮತ್ತೆ ಹಾಳೆ ಎಳೆದೆ. ಈ ಸಲ ಹೆಬ್ಬೆರಳು ನೆಟ್ಟಗೇ ಇತ್ತು.